ನಾರುವ ಹುಳು ಬರುವ ದಾರಿ

ಮುಂಬಯಿಯಲ್ಲಿ ನವರಾತ್ರಿಗೂ ದೀಪಾವಳಿಗೂ ನಡುವಿನ ದಿನಗಳು ಯಾರಿಗೂ ಬೇಡ. ಮಳೆ ಹೋಗಿರುತ್ತದೆ, ಚಳಿ ಬಂದಿರುವುದಿಲ್ಲ, ಹಗಲಿನ ಶಾಖ 35 ಡಿಗ್ರಿ ದಾಟಿ ಮನೆಯೊಳಗೇ ಉಳಿದುಬಿಡುತ್ತದೆ. ಸಂಜೆ ಏಳಕ್ಕೆ ಕಿಟಕಿ ತೆರೆದು, ಟ್ಯೂಬ್‌ಲೈಟ್ ಹಾಕಿ, ಫ್ಯಾನಿನ ಕೆಳಗೆ ಕುಳಿತರೆ ಅಷ್ಟರಲ್ಲೇ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದೊಂದು ಹಸಿರು ಹುಳು ಒಳಗೆ ನುಗ್ಗಿ ಗೋಡೆಗೆ ಟಪ್ಪೆಂದು ಬಡಿಯುತ್ತದೆ. ಬಿದ್ದಲ್ಲೇ ಅಂಗಾತವಾಗಿ ಗಿರಗಿರ ತಿರುಗುತ್ತದೆ. ಯಾರೋ ಚಪ್ಪಲಿ ಎತ್ತುತ್ತಾರೆ. ಆಮೇಲೆ ಒಂದು ಗಂಟೆ ಆ ಕೋಣೆಯಲ್ಲಿ ಊಟ ಮಾಡುವ ಹಾಗಿಲ್ಲ.

ನಾವಿರುವುದು ಮುಲುಂಡ್ ಪಶ್ಚಿಮದಲ್ಲಿ, ನಾಲ್ಕನೇ ಮಹಡಿ. ಅಡುಗೆಮನೆಯ ಕಿಟಕಿಯಿಂದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡದ ಅಂಚು ಕಾಣುತ್ತದೆ. ಸುಮಾರು 104 ಚದರ ಕಿಲೋಮೀಟರಿನ ಕಾಡು ಇಷ್ಟು ದೊಡ್ಡ ನಗರದ ಹೊಟ್ಟೆಯೊಳಗೆ ಉಳಿದುಕೊಂಡಿದೆ. ಕಾಡಿನ ಪಕ್ಕದ ಮನೆ ಎಂದು ಬಿಲ್ಡರುಗಳು ಹೆಚ್ಚು ದುಡ್ಡು ಕೇಳುತ್ತಾರೆ. ಕಾಡಿನಿಂದ ಬರುವ ಹುಳದ ವಿಷಯ ಜಾಹೀರಾತಿನಲ್ಲಿ ಇರುವುದಿಲ್ಲ.

ಈ ಹುಳಕ್ಕೆ ನಗರದ ಕನ್ನಡದಲ್ಲಿ ನೆಟ್ಟಗಿನ ಒಂದು ಹೆಸರಿಲ್ಲ. ಮೂರು ವರ್ಷದ ಹಿಂದೆ ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದ ಅತ್ತೆ ಮಾತ್ರ ವಾಸನೆ ಬಂದ ಕೂಡಲೇ, ಹುಳವನ್ನು ನೋಡದೆಯೇ, "ಬಂಬುಚ್ಚಿ ಜಾತಿಯದ್ದು ಮಾರಾಯ್ತಿ ಇದು" ಎಂದರು. ಅವರ ಊರು ಕಾರ್ಕಳದ ಹತ್ತಿರ. ಏಣೆಲು ಗದ್ದೆಯಲ್ಲಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬಂದು, ಹಾಲು ಹೀರಿ, ಭತ್ತವನ್ನು ಜೊಳ್ಳು ಮಾಡಿ ಹೋಗುವ ಸಣಕಲು ಉದ್ದಕಾಲಿನ ಹುಳವೇ ಬಂಬುಚ್ಚಿ. ಕೃಷಿ ಇಲಾಖೆಯ ಪುಸ್ತಕಗಳಲ್ಲಿ ಅದು ತೆನೆ ತಿಗಣೆ. ನಮ್ಮ ಗೋಡೆಗೆ ಬಡಿಯುವುದು ಅದಲ್ಲ, ಅದರ ದಾಯಾದಿ. ಬೆನ್ನು ಗುರಾಣಿಯ ಹಾಗೆ ಅಗಲ, ಮೀಸೆಯಲ್ಲಿ ಐದು ಗೆಣ್ಣು. ಪೆಂಟಾಟೊಮಿಡೆ ಎಂಬ ಕುಟುಂಬದ ಹೆಸರೇ ಆ ಐದರಿಂದ ಬಂದದ್ದು. ಹಸಿರಿನದು ನೆಜಾರಾ ವಿರಿಡುಲಾ, ಲೋಕವೆಲ್ಲ ಹಬ್ಬಿರುವಂಥದು. ಕಂದು ಮೈಮೇಲೆ ಹಳದಿ ಚುಕ್ಕೆ ಚಿಮುಕಿಸಿದಂತಿರುವ ಇನ್ನೂ ದೊಡ್ಡದೊಂದಿದೆ, ಎರ್ಥೆಸಿನಾ ಫುಲ್ಲೋ. ಅದು ಮರದ ತೊಗಟೆಯ ಮೇಲೆ ಕುಳಿತರೆ ಕಣ್ಣಿಗೆ ಬೀಳುವುದಿಲ್ಲ.

ತಿಗಣೆ ಎಂಬ ಮಾತಿನಿಂದ ನಮ್ಮ ಮಹಡಿಯಲ್ಲಿ ಒಂದು ಸಣ್ಣ ರಾದ್ಧಾಂತವೇ ಆಯಿತು. ಎದುರು ಮನೆಯ ಕಾಕು ಬಾಗಿಲಲ್ಲಿ ನಿಂತು ಏನು ವಾಸನೆ ಎಂದು ಕೇಳಿದರು. ಅತ್ತೆ ಕನ್ನಡದಲ್ಲಿ "ತಿಗಣೆ" ಎಂದರು. ಇಂಗ್ಲಿಷ್ ಶಾಲೆಯಲ್ಲಿ ಓದುವ ನನ್ನ ಮಗ ಉತ್ಸಾಹದಿಂದ ಅದನ್ನು ಮರಾಠಿಗೆ ತಿರುಗಿಸಿ "ಢೇಕೂಣ್" ಎಂದ. ಕಾಕು ಎರಡು ಹೆಜ್ಜೆ ಹಿಂದೆ ಸರಿದರು. ಮಾರನೆಯ ದಿನದಿಂದ ಅವರ ಮನೆಯ ಚಾಪೆ ದಿಂಬುಗಳೆಲ್ಲ ಬಿಸಿಲಿಗೆ ಬಂದವು.

ಅವರನ್ನು ನಗಲಾರೆ. ಮುಂಬಯಿಯಲ್ಲಿ ಢೇಕೂಣ್, ಖಟ್ಮಲ್ ಎಂದರೆ ಬರಿಯ ಹುಳವಲ್ಲ, ಹಳೆಯ ಅವಮಾನ. ನನ್ನ ಗಂಡನ ದೊಡ್ಡಪ್ಪ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದು ಕೋಟೆ ಭಾಗದ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಹೋಟೆಲು ಮುಚ್ಚಿದ ಮೇಲೆ ಹುಡುಗರೆಲ್ಲ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರಂತೆ. ಮೇಜಿನ ಸಂದಿನಿಂದ ತಿಗಣೆ ಹೊರಡುತ್ತಿತ್ತು. ಭಾನುವಾರ ಕುದಿಯುವ ನೀರು ಹೊಯ್ಯುವುದು, ಟಿಕ್-20 ಹೊಡೆಯುವುದು, ಮತ್ತೆ ಬುಧವಾರಕ್ಕೆ ಹಿಂದಿನಂತೆಯೇ. ಚಾಳಿನಲ್ಲಿ ಹೆಣ್ಣು ಕೊಡುವ ಮೊದಲು ಮಂಚ ನೋಡಿ ಬರುತ್ತಿದ್ದರು ಎಂದು ದೊಡ್ಡಪ್ಪ ಹೇಳುತ್ತಿದ್ದರು, ಅರ್ಧ ತಮಾಷೆಗೆ. ಆ ತಿಗಣೆ ಮನುಷ್ಯನ ರಕ್ತ ಕುಡಿದು ಮನುಷ್ಯನ ಹಾಸಿಗೆಯಲ್ಲೇ ಬಾಳುವಂಥದು. ನಮ್ಮ ಗೋಡೆಯ ಹುಳಕ್ಕೆ ಬೇಕಾದದ್ದು ಗಿಡದ ರಸ. ಅದು ಕಚ್ಚಲು ಬರುವುದಿಲ್ಲ, ರೋಗ ಹರಡುವುದಿಲ್ಲ, ಮನೆಯೊಳಗೆ ಸಂಸಾರ ಹೂಡುವುದಿಲ್ಲ. ಮನೆಯಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ. ಇಬ್ಬರದೂ ಒಂದೇ ಗಣ, ಚುಚ್ಚಿ ಹೀರುವ ಬಾಯಿ, ಮೈಯಲ್ಲಿ ಗಬ್ಬು ಗ್ರಂಥಿ. ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು.

ಗಬ್ಬಿನ ಬಗ್ಗೆ ಒಂದು ಮಾತು. ದೊಡ್ಡ ಹುಳದಲ್ಲಿ ಆ ಗ್ರಂಥಿಯ ಬಾಯಿ ಎದೆಯ ಅಡಿಯಲ್ಲಿ, ನಡುಗಾಲು ಹಿಂಗಾಲುಗಳ ನಡುವೆ ಇರುತ್ತದೆ. ಮರಿಯಲ್ಲಿ ಬೆನ್ನ ಮೇಲೆ. ಹಕ್ಕಿಯೋ ಹಲ್ಲಿಯೋ ಹಿಡಿದರೆ ಚಿಮ್ಮಿಸುತ್ತದೆ. ಅದರಲ್ಲಿರುವ ಟ್ರಾನ್ಸ್-2-ಡೆಸೆನಾಲ್ ಎಂಬ ರಾಸಾಯನಿಕವೇ ಕೊತ್ತಂಬರಿ ಸೊಪ್ಪಿನ ಘಮದಲ್ಲೂ ಇದೆ. ಕೊತ್ತಂಬರಿ ಕಂಡರೆ ಮೂಗು ಮುಚ್ಚುವ ಜನ ಜಗತ್ತಿನಲ್ಲಿ ಬಹಳ ಇದ್ದಾರೆ. ಅವರ ಮೂಗು ಸುಳ್ಳು ಹೇಳುತ್ತಿಲ್ಲ. ಅರುಣಾಚಲದ ಕಡೆ ಚಳಿಗಾಲದಲ್ಲಿ ಹೊಳೆಯ ಕಲ್ಲುಗಳ ಅಡಿಯಿಂದ ಇದೇ ಕುಲದ ಒಂದು ಹುಳವನ್ನು ಹೆಕ್ಕಿ ಚಟ್ನಿ ಅರೆಯುತ್ತಾರೆ ಎಂದು ಅತ್ತೆಗೆ ಹೇಳಿದೆ. ಅವರು ಅರೆಯುತ್ತಿದ್ದ ಕೊತ್ತಂಬರಿ ಚಟ್ನಿಯನ್ನು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

ಹೀಗೆ ನಿರುಪದ್ರವಿಯಾದ ಹುಳದ ಬಗ್ಗೆ ಇಷ್ಟು ದೂರ ಬರೆಯಲು ಕಾರಣ ಅತ್ತೆಯ ಉಬ್ಬಸ. ಅವರಿಗೆ ಎಪ್ಪತ್ತೊಂಬತ್ತು. ಅಕ್ಟೋಬರಿನ ಗಾಳಿಯಿಲ್ಲದ ರಾತ್ರಿಗಳಲ್ಲಿ ಅವರು ಕಿಟಕಿಗೆ ಮುಖವಿಟ್ಟು ಕೂತೇ ನಿದ್ದೆ ಮಾಡುತ್ತಾರೆ. ಹುಳ ಬರುತ್ತದೆಂದು ಕಿಟಕಿ ಮುಚ್ಚಿದರೆ ಎದೆ ಬಿಗಿಯುತ್ತದೆ. ಹುಳ ಸಾಯಲೆಂದು ಸ್ಪ್ರೇ ಹೊಡೆದರೆ ಇನ್ನೂ ಬಿಗಿಯುತ್ತದೆ. ಡಾಕ್ಟರು ಮೊದಲ ವರ್ಷವೇ ಹೇಳಿದ್ದರು, ಊದುಬತ್ತಿ, ಸೊಳ್ಳೆ ಕಾಯಿಲ್, ಕೀಟದ ಸ್ಪ್ರೇ ಮೂರೂ ಇವರ ಹತ್ತಿರ ಬೇಡ ಎಂದು. ಊದುಬತ್ತಿ ಬಿಡಿಸುವುದಕ್ಕೇ ನಮಗೆ ಆರು ತಿಂಗಳು ಹಿಡಿಯಿತು.

ಹೋದ ವರ್ಷ ಸೆಪ್ಟೆಂಬರಿನ ಕೊನೆಗೆ ಲಿಫ್ಟಿನ ಪಕ್ಕ ನೋಟೀಸು ಬಂತು. ಹುಳದ ಕಾಟದ ಬಗ್ಗೆ ಸದಸ್ಯರ ದೂರುಗಳು ಬಂದಿರುವ ಕಾರಣ ಹದಿನೈದು ದಿನಕ್ಕೊಮ್ಮೆ ಮೆಟ್ಟಿಲು, ಡಕ್ಟು, ಕಂಪೌಂಡಿನಲ್ಲಿ ಔಷಧ ಹೊಡೆಸುವುದು. ಕಿಟಕಿಗೆ ತಾಗುವ ಹೊಂಗೆ ಮತ್ತು ಮಳೆಮರದ ಕೊಂಬೆಗಳನ್ನು ಕಡಿಸುವುದು. ಖರ್ಚು ಮೇಂಟೆನೆನ್ಸ್ ಬಿಲ್ಲಿನಲ್ಲಿ. ನಮ್ಮ ಅಡುಗೆಮನೆ, ಬಚ್ಚಲು, ಅತ್ತೆಯ ಕೋಣೆಯ ವೆಂಟಿಲೇಟರು ಮೂರೂ ಆ ಡಕ್ಟಿಗೇ ತೆರೆಯುತ್ತವೆ. ಮುಂಬಯಿಯ ಕಟ್ಟಡಗಳಲ್ಲಿ ಡಕ್ಟಿಗೆ ಹೊಡೆದ ಔಷಧ ಡಕ್ಟಿನಲ್ಲಿ ಉಳಿಯುವುದಿಲ್ಲ. ಕೆಳಗಿನ ಮನೆಯವರು ಬಂಗುಡೆ ಹುರಿದರೆ ಮೇಲಿನವರಿಗೆಲ್ಲ ಗೊತ್ತಾಗುವ ಜಾಗ ಅದು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸಲಹೆ ಎಲ್ಲ ಒಂದೇ: ಶರತ್ಕಾಲಕ್ಕೆ ಮೊದಲು ಮನೆಯ ಪ್ರತಿ ಬಿರುಕನ್ನೂ ಮುಚ್ಚಿ, ಹುಳ ಚಳಿಗಾಲ ಕಳೆಯಲು ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಸಲಹೆ ಸುಳ್ಳಲ್ಲ, ಅದು ಬೇರೆ ಊರಿನದು, ಬೇರೆ ಹುಳದ್ದು. ಚೀನಾ, ಕೊರಿಯಾ, ಜಪಾನಿನ ಕಡೆಯ ಹ್ಯಾಲಿಯೊಮಾರ್ಫಾ ಹ್ಯಾಲಿಸ್ ಎಂಬ ಕಂದು ಹುಳ 1990ರ ದಶಕದಲ್ಲಿ ಹೇಗೋ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲೆನ್‌ಟೌನ್ ಸೇರಿತು. 2001ರಲ್ಲಿ ಅದು ಇಂಥದೇ ಎಂದು ಗುರುತಾಯಿತು. 2010ರಲ್ಲಿ ಅಲ್ಲಿನ ಪೂರ್ವ ಭಾಗದ ಸೇಬು ಬೆಳೆಗಾರರಿಗೆ 3.7 ಕೋಟಿ ಡಾಲರಿನ ನಷ್ಟ ಮಾಡಿತು. ಹಿಮ ಬೀಳುವ ನಾಡು. ಬೆಚ್ಚಗಿನ ಮನೆ ಸಿಕ್ಕರೆ ಬಿಡುತ್ತದೆಯೇ? ಮೇರಿಲ್ಯಾಂಡಿನ ಒಬ್ಬ ವನ್ಯಜೀವಿ ವಿಜ್ಞಾನಿ 2011ರ ಮೊದಲ ಆರು ತಿಂಗಳಲ್ಲಿ ತನ್ನ ಒಂದೇ ಮನೆಯಲ್ಲಿ 26,205 ಹುಳಗಳನ್ನು ಹಿಡಿದು ಎಣಿಸಿದ. ಅಂಥ ಮನೆಯವನು ಬಿರುಕು ಮುಚ್ಚದೆ ಬೇರೇನು ಮಾಡಬೇಕು?

ಮುಂಬಯಿಗೆ ಆ ಚಳಿ ಎಲ್ಲಿದೆ? ಜನವರಿಯಲ್ಲಿ ನಮ್ಮಲ್ಲಿ ಸ್ವೆಟರ್ ಹಾಕುವುದು ಆಸೆಗೆ. ಇಲ್ಲಿ ಹುಳ ಬೆಚ್ಚಗಿರಲು ಮನೆಗೆ ಬರುವುದಿಲ್ಲ. ಅದರ ಕ್ಯಾಲೆಂಡರ್ ನಡೆಯುವುದು ಮಳೆಯಿಂದ. ಜೂನಿನಲ್ಲಿ ಮಳೆ ಹಿಡಿದರೆ ಗುಡ್ಡ, ರೈಲ್ವೆ ಹಳಿಯ ಬದಿ, ಖಾಲಿ ಸೈಟು ಎಲ್ಲ ಹಸಿರಾಗುತ್ತದೆ. ಆ ಎರಡು ತಿಂಗಳು ಎಲೆಯ ಅಡಿಯಲ್ಲಿ ಮೊಟ್ಟೆ, ಮರಿ. ಮರಿ ಐದು ಸಲ ಪೊರೆ ಕಳಚಿ ರೆಕ್ಕೆ ಪಡೆಯುವ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತದೆ, ಹುಲ್ಲು ತೆನೆ ಬಿಟ್ಟಿರುತ್ತದೆ, ಬಳ್ಳಿಗಳಲ್ಲಿ ಕಾಯಿ ತುಂಬಿರುತ್ತದೆ. ಅಕ್ಟೋಬರಿನ ಬಿಸಿಲಿಗೆ ಹುಲ್ಲು ಒಣಗುತ್ತದೆ. ಕರ್ಜತ್, ಪನವೇಲ್, ಪಾಲ್ಘರ್ ಕಡೆ ಭತ್ತ ಕೊಯ್ಲಾಗುತ್ತದೆ. ರೆಕ್ಕೆ ಬಲಿತ ಹುಳ ಹೊಸ ಗಿಡ ಹುಡುಕುತ್ತ ಹಾರುವ ಕಾಲ ಅದು. ಹಾರುವ ದಾರಿಯಲ್ಲಿ ನಮ್ಮ ದೀಪ.

ಪತಂಗ ದೀಪಕ್ಕೆ ಮೋಹಗೊಂಡು ಬರುತ್ತದೆ ಎಂದು ನಾವು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದೇವೆ. 2024ರ ಜನವರಿಯಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಮೋಹದ ಕಥೆಯನ್ನು ಕೆಡಿಸಿತು. ಅತಿವೇಗದ ಕ್ಯಾಮೆರಾದಲ್ಲಿ ನೋಡಿದರೆ, ದೀಪದ ಬಳಿ ಬಂದ ಕೀಟಗಳು ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು. ಕೋಟ್ಯಂತರ ವರ್ಷ ರಾತ್ರಿಯಲ್ಲೂ ಬೆಳಕಿನ ಕಡೆ ಎಂದರೆ ಆಕಾಶದ ಕಡೆ. ಬೆನ್ನನ್ನು ಅತ್ತ ಇಟ್ಟರೆ ಮೇಲು ಕೆಳಗು ತಪ್ಪುವುದಿಲ್ಲ. ಪಕ್ಕದಲ್ಲಿ ಬಲ್ಬು ಉರಿದಾಗ ಅದನ್ನೇ ಮೇಲು ಎಂದುಕೊಂಡು ಓರೆಯಾಗಿ ಸುತ್ತುಹಾಕುತ್ತ ಅಲ್ಲೇ ಸಿಕ್ಕಿಬೀಳುತ್ತವೆ. ನಮ್ಮ ಹುಳ ಗೋಡೆಗೆ ಬಡಿದು ಅಂಗಾತ ಬೀಳುವುದನ್ನು ನೋಡುವಾಗಲೆಲ್ಲ ನನಗೆ ಈಗ ಇದೇ ನೆನಪಾಗುತ್ತದೆ. ಅದಕ್ಕೆ ನಮ್ಮ ಮನೆ ಬೇಕಾಗಿರಲಿಲ್ಲ.

ಎಲ್ಲ ದೀಪವೂ ಒಂದೇ ಅಲ್ಲ. ಕೀಟದ ಕಣ್ಣಿಗೆ ನೇರಳೆ, ನೀಲಿ ಕಡೆಯ ಬೆಳಕು ಹೆಚ್ಚು ಕಾಣುತ್ತದೆ. ಹಳದಿ, ಕೆಂಪು ಕಡಿಮೆ. ಬೆಳ್ಳಗಿನ ಎಲ್‌ಇಡಿಯಲ್ಲಿ ನೀಲಿ ಧಾರಾಳ. 2015ರಲ್ಲಿ ಮರೀನ್ ಡ್ರೈವಿನ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ 'ರಾಣಿಯ ಕಂಠೀಹಾರ' ಕಳೆಗುಂದಿತು ಎಂದು ಊರೆಲ್ಲ ಜಗಳವಾಡಿತು. ಜಗಳ ಚಂದದ ಬಗ್ಗೆ. ಹುಳದ ಮಾತು ಯಾರೂ ಎತ್ತಲಿಲ್ಲ. ಅದೇ ಕಾಲದಿಂದ ನಮ್ಮಂಥ ಸೊಸೈಟಿಗಳೂ ವಿದ್ಯುತ್ ಉಳಿತಾಯಕ್ಕೆಂದು ಮೆಟ್ಟಿಲಿಗೆ, ಗೇಟಿಗೆ, ಪಾರ್ಕಿಂಗಿಗೆ ಹಾಲುಬಿಳಿ ದೀಪ ಹಾಕಿಸಿದವು. ಹಗಲಿನಂಥ ಬೆಳಕಿದ್ದರೆ ಕಳ್ಳರು ಬರುವುದಿಲ್ಲ ಎಂಬ ನಂಬಿಕೆ ಬೇರೆ.

ನೋಟೀಸು ಬಂದ ಮೇಲೆ ಒಂದು ಕೆಲಸ ಮಾಡಿದೆ. ಹಾಲಿನ ಲೆಕ್ಕದ ಹಳೆಯ ಡೈರಿಯಲ್ಲಿ ದಿನಾ ರಾತ್ರಿ ಹತ್ತಕ್ಕೆ, ಮನೆಯೊಳಗೆ ಎಲ್ಲಿ ಎಷ್ಟು ಹುಳ, ಯಾವ ದೀಪ, ಯಾವ ಕಿಟಕಿ ಎಂದು ಬರೆದಿಟ್ಟೆ. ಮಗ ಟಾರ್ಚು ಹಿಡಿಯುವ ಸಹಾಯಕ. ಮೂರು ವಾರದಲ್ಲಿ ವಿಷಯ ಸ್ಪಷ್ಟವಾಯಿತು. ಬಹುಪಾಲು ಹುಳ ಅಡುಗೆಮನೆಯ ಟ್ಯೂಬಿನ ಕೆಳಗೆ ಮತ್ತು ಬಾಲ್ಕನಿಯ ಬಿಳಿ ಬಲ್ಬಿನ ಸುತ್ತ. ಅತ್ತೆಯ ಕೋಣೆಯ ಕಿಟಕಿ ರಾತ್ರಿಯಿಡೀ ತೆರೆದಿರುತ್ತದೆ, ಅಲ್ಲಿ ಉರಿಯುವುದು ಒಂದು ಕೆಂಪು ಝೀರೋ ಬಲ್ಬು. ಅಲ್ಲಿ ಒಂದೂ ಸಿಗದ ದಿನಗಳೇ ಹೆಚ್ಚು. ಮೆಟ್ಟಿಲಿನಲ್ಲಿ ಹುಳ ರಾಶಿ ಬೀಳುವುದು ಎರಡನೇ ಮಹಡಿಯ ತಿರುವಿನಲ್ಲಿ, ಗೇಟಿನ ಫ್ಲಡ್‌ಲೈಟ್ ನೇರ ಕಣ್ಣಿಗೆ ಹೊಡೆಯುವ ಕಡೆ. ಹೊಂಗೆಯ ಕೊಂಬೆ ತಾಗುವ ಮೂರನೇ ಮಹಡಿಯ ಮನೆಗೆ ಹೋಗಿ ಕೇಳಿದೆ. ಅವರು ಸಂಜೆಯಾದರೆ ದಪ್ಪ ಪರದೆ ಎಳೆಯುವವರು. ಹುಳವೇ? ಅಪರೂಪ ಎಂದರು.

ಇದಾದ ಮೇಲೆ ಮನೆಯೊಳಗೆ ಮಾಡಿದ್ದು ತೀರ ಸಾಮಾನ್ಯ ಕೆಲಸ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಬಾಲ್ಕನಿಯ ದೀಪ ಇಲ್ಲ. ಅಡುಗೆಮನೆಯ ಟ್ಯೂಬಿನ ಬದಲು ಹಳದಿ ಬಲ್ಬು, ಅದೂ ಒಲೆಯ ಮೇಲೆ, ಕಿಟಕಿಗೆ ಮರೆಯಾಗಿ. ಸೊಳ್ಳೆಯ ಜಾಳಿ ಎಲ್ಲ ಕಿಟಕಿಗೂ ಮೊದಲೇ ಇತ್ತು. ಈ ಹುಳ ಜಾಳಿಯ ಕಣ್ಣಿನಲ್ಲಿ ತೂರಲಾರದು. ಅದು ಬರುತ್ತಿದ್ದದ್ದು ಬೇರೆ ದಾರಿಯಲ್ಲಿ. ಸ್ಲೈಡಿಂಗ್ ಕಿಟಕಿಯ ಎರಡು ಗಾಜು ಸೇರುವ ಕಡೆ ಬೆರಳಿನ ದಪ್ಪದ ಸಂದು, ಅದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ರಷ್ ಪಟ್ಟಿ ಅಂಟಿಸಿದ್ದಾಯಿತು. ಮಳೆನೀರು ಹೋಗಲೆಂದು ಕಿಟಕಿಯ ಚೌಕಟ್ಟಿನ ಅಡಿಯಲ್ಲಿ ಕೊರೆದಿರುವ ತೂತುಗಳನ್ನು ಸಿಲಿಕಾನಿನಿಂದ ಮುಚ್ಚಬೇಡಿ, ಮುಂದಿನ ಜುಲೈಯಲ್ಲಿ ನೀರು ಹಾಲಿಗೆ ಬರುತ್ತದೆ. ಜಾಳಿಯ ತುಂಡು ಅಂಟಿಸಿದರೆ ಸಾಕು. ಎಸಿಯ ಪೈಪು ಹೊರಗೆ ಹೋಗುವ ತೂತು, ಎಕ್ಸಾಸ್ಟ್ ಫ್ಯಾನಿನ ಹಿಂಬದಿ ನೋಡಿಕೊಳ್ಳಿ. ಇನ್ನೊಂದು ದಾರಿ ನಮಗೆ ಹೊಳೆದದ್ದು ತಡವಾಗಿ: ಒಣಗಿದ ಬಟ್ಟೆ. ಬಾಲ್ಕನಿಯ ಹಗ್ಗದಿಂದ ಸಂಜೆ ಏಳಕ್ಕೆ ತೆಗೆದ ಟವೆಲಿನ ಮಡಿಕೆಯಲ್ಲಿ ಹುಳ ಆರಾಮಾಗಿ ಒಳಗೆ ಬರುತ್ತದೆ. ಬಟ್ಟೆ ಬೆಳಕಿರುವಾಗಲೇ ತೆಗೆಯಬೇಕು, ಒಂದು ಸಲ ಕೊಡವಬೇಕು.

ಒಳಗೆ ಬಂದದ್ದನ್ನು ಹೊಡೆಯಬಾರದು. ಲೋಟ ಕವುಚಿ, ಕೆಳಗೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ, ಹೊರಗೆ ಬಿಡುವುದು. ಅಷ್ಟು ತಾಳ್ಮೆ ಇಲ್ಲದ ದಿನ ಮಗ್ಗಿನಲ್ಲಿ ಸೋಪಿನ ನೀರು ಹಿಡಿದು ಗೋಡೆಗೆ ಒತ್ತಿದರೆ ಹುಳ ತಾನಾಗಿ ಕೆಳಗೆ ಉದುರುತ್ತದೆ, ಸೋಪಿರುವ ನೀರಿನಲ್ಲಿ ತೇಲಲಾರದು. ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯುವುದು ಅಮೆರಿಕದವರಿಗೆ ಇರಲಿ. ಆ ಕೊಳವೆಯ ವಾಸನೆ ದೀಪಾವಳಿ ಕಳೆದರೂ ಹೋಗುವುದಿಲ್ಲ.

ಗ್ರಿಲ್ಲಿನ ಗಿಡಗಳನ್ನು ಏನು ಮಾಡುವುದು ಎಂಬುದು ಅತ್ತೆಯ ಇಲಾಖೆ. ಮುಂಬಯಿಯ ತುಳುನಾಡಿನವರ ಮನೆ ಯಾವುದೆಂದು ರಸ್ತೆಯಿಂದಲೇ ಗುರುತಿಸಬಹುದು: ಕಿಟಕಿಯ ಗ್ರಿಲ್ಲಿಗೆ ಬಸಳೆ ಹಬ್ಬಿರುತ್ತದೆ. ಅತ್ತೆ ಬಂದ ಮೇಲೆ ನಮ್ಮಲ್ಲಿ ಅಲಸಂಡೆಯೂ ಸೇರಿತು, ಎರಡು ಪೇಂಟ್ ಡಬ್ಬಿಗಳಲ್ಲಿ. ಹಸಿರು ಹುಳಕ್ಕೆ ದ್ವಿದಳದ ಎಳೆಗಾಯಿ ಎಂದರೆ ಪ್ರಾಣ. ಗಿಡ ತೆಗೆಸಿಬಿಡಿ ಎಂದು ಕಮಿಟಿಯವರು ಸೂಚಿಸಿದ್ದೂ ಆಯಿತು. ಅತ್ತೆ ತೆಗೆಯಲಿಲ್ಲ. ಆಗಸ್ಟ್ ತಿಂಗಳಿಡೀ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಎಲೆ ಮಗುಚಿ ನೋಡುವುದು ಅವರ ಜಪ. ಎಲೆಯ ಅಡಿಯಲ್ಲಿ ಸಣ್ಣ ಪೀಪಾಯಿಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗೆ ಮೊಟ್ಟೆಗಳಿರುತ್ತವೆ, ಮೊದಲು ತಿಳಿಹಳದಿ, ಒಡೆಯುವ ಮುಂಚೆ ಕಿತ್ತಳೆ. ಮರಿಗಳು ಮೊದಲ ಕೆಲವು ದಿನ ಒಡೆದ ಮೊಟ್ಟೆಯ ಮೇಲೇ ಗುಂಪಾಗಿ ಕುಳಿತಿರುತ್ತವೆ, ಏನೂ ತಿನ್ನುವುದಿಲ್ಲ. ಆ ಎಲೆಯೊಂದನ್ನು ಚಿವುಟಿ ಸೋಪಿನ ನೀರಿಗೆ ಹಾಕಿದರೆ ಅಕ್ಟೋಬರಿನ ಅಷ್ಟು ಹುಳ ಕಡಿಮೆ. ವಾರಕ್ಕೊಮ್ಮೆ ಬೇವಿನ ಎಣ್ಣೆಗೆ ಎರಡು ಹನಿ ಸೋಪು ಬೆರೆಸಿ ನೀರಿನಲ್ಲಿ ಕಲಸಿ ಚಿಮುಕಿಸುತ್ತಾರೆ. "ಗದ್ದೆ ಒಂದು ಎಕ್ರೆ ಇದ್ದರೆ ಇದೆಲ್ಲ ಆಗುತ್ತದಾ? ಎರಡು ಡಬ್ಬಿಗೆ ಯಾಕೆ ಆಗುವುದಿಲ್ಲ?" ಎಂಬುದು ಅವರ ವಾದ.

ಕಮಿಟಿಯ ಮೀಟಿಂಗಿಗೆ ಡೈರಿ ತೆಗೆದುಕೊಂಡು ಹೋದೆ. ಗುತ್ತಿಗೆಗೆ ಬಂದಿದ್ದ ಪೆಸ್ಟ್ ಕಂಟ್ರೋಲಿನವನು "ಪೂರ್ತಿ ಹರ್ಬಲ್, ಮೇಡಂ" ಎಂದ. ಡಬ್ಬಿ ತೋರಿಸಿ ಎಂದೆ. ನಮ್ಮ ದೇಶದಲ್ಲಿ ಕೀಟನಾಶಕದ ಪ್ರತಿ ಡಬ್ಬಿಯ ಮೇಲೂ ವಿಷದ ಮಟ್ಟ ಹೇಳುವ ಬಣ್ಣದ ತ್ರಿಕೋನ ಇರಲೇಬೇಕು, 1971ರ ಕೀಟನಾಶಕ ನಿಯಮಗಳಲ್ಲೇ ಅದಿದೆ: ಕೆಂಪು, ಹಳದಿ, ನೀಲಿ, ಹಸಿರು, ಇಳಿಯುವ ಕ್ರಮದಲ್ಲಿ. ಅವನ ಚೀಲದಿಂದ ಹೊರಟದ್ದು ನೀಲಿ ತ್ರಿಕೋನದ ಸೈಪರ್‌ಮೆಥ್ರಿನ್. ಮನೆಮನೆಯಲ್ಲೂ ಬಳಸುವಂಥದೇ, ಅವನು ಮಹಾಪರಾಧಿಯೇನಲ್ಲ. ಆದರೆ ಅದು ಕೆಲಸ ಮಾಡುವುದು ಅಲ್ಲೇ ಬದುಕುವ, ಅಲ್ಲೇ ಓಡಾಡುವ ಜಿರಳೆಯಂಥ ಹುಳದ ಮೇಲೆ. ಇವತ್ತು ಡಕ್ಟಿಗೆ ಹೊಡೆದರೆ ನಾಳೆ ಗುಡ್ಡದಿಂದ ಹೊಸದಾಗಿ ಹಾರಿ ಬರುವ ಹುಳ ದೀಪಕ್ಕೇ ಬರುತ್ತದೆ. ಅದು ಬಿದ್ದು ಸಾಯಬಹುದು, ಬರುವುದಂತೂ ನಿಲ್ಲುವುದಿಲ್ಲ. ಉಸಿರಾಡುವವರು ಮಾತ್ರ ಇಲ್ಲಿನ ಖಾಯಂ ನಿವಾಸಿಗಳು. ನಮ್ಮ ಅತ್ತೆಯೊಬ್ಬರೇ ಅಲ್ಲ; ಆರನೇ ಮಹಡಿಯಲ್ಲಿ ನೆಬ್ಯುಲೈಸರ್ ಹಿಡಿಯುವ ಒಂದು ಮಗುವಿದೆ ಎಂದು ಆ ಮೀಟಿಂಗಿನಲ್ಲೇ ಗೊತ್ತಾಯಿತು.

ಎಲ್ಲ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಇಷ್ಟು ಬೆಲೆ ಕೊಟ್ಟು ಮನೆ ತೆಗೆದುಕೊಂಡು ಕತ್ತಲಲ್ಲಿ ಕೂರಬೇಕೆ ಎಂದು ಒಬ್ಬರು ಕೇಳಿದರು. ಹೆಣ್ಣುಮಕ್ಕಳು ರಾತ್ರಿ ಹನ್ನೊಂದರ ಲೋಕಲ್ ಇಳಿದು ಬರುತ್ತಾರೆ, ಗೇಟಿನಲ್ಲಿ ಬೆಳಕು ಬೇಡವೇ ಎಂದು ಇನ್ನೊಬ್ಬರು. ಎರಡನೆಯ ಮಾತು ಸರಿಯಾದದ್ದು. ನನಗೂ ಬೆಳಕು ಬೇಕು. ಆ ಫ್ಲಡ್‌ಲೈಟು ನೆಲ ಬಿಟ್ಟು ನಮ್ಮ ಕಿಟಕಿಗಳನ್ನು ಬೆಳಗುತ್ತಿತ್ತು ಎಂಬುದಷ್ಟೇ ತಕರಾರು. ಕೊನೆಗೆ ಮಾತು ಗೆದ್ದದ್ದು ಹುಳದ ಬಲದಿಂದಲೂ ಅಲ್ಲ, ಉಬ್ಬಸದಿಂದಲೂ ಅಲ್ಲ. ಖಜಾಂಚಿಯವರು ಹದಿನೈದು ದಿನಕ್ಕೊಮ್ಮೆ ಔಷಧದ ಖರ್ಚು ಎಷ್ಟು, ಎರಡು ಹಳದಿ ಎಲ್‌ಇಡಿಯ ಖರ್ಚು ಎಷ್ಟು ಎಂದು ಲೆಕ್ಕ ಹಾಕಿದರು.

ಫ್ಲಡ್‌ಲೈಟುಗಳು ಹಳದಿಯಾದವು, ಕೆಳಮುಖವಾದವು. ಮೆಟ್ಟಿಲಿಗೆ ಯಾರಾದರೂ ನಡೆದಾಗ ಮಾತ್ರ ಹೊತ್ತುವ ಸೆನ್ಸರ್ ಬಂತು. ಅದು ಮೊದಲ ವಾರ ವಾಚ್‌ಮನ್‌ನ ಬೆಕ್ಕಿಗೆಲ್ಲ ಹೊತ್ತಿಕೊಳ್ಳುತ್ತಿತ್ತು. ಔಷಧ ಈಗ ಚರಂಡಿಗೆ, ಕಸದ ಕೋಣೆಗೆ ಮಾತ್ರ, ಹಿಂದಿನ ದಿನ ಎಲ್ಲ ಮನೆಗೂ ತಿಳಿಸಿ. ಈ ಅಕ್ಟೋಬರಿನಲ್ಲಿ ಹುಳ ಇಲ್ಲವೆಂದಲ್ಲ, ನಿನ್ನೆಯೂ ಲೋಟಕ್ಕೆ ಎರಡು ಸಿಕ್ಕವು. ಡಕ್ಟಿನ ಕಡೆಯ ವೆಂಟಿಲೇಟರು ಮುಚ್ಚುವ ಪ್ರಸಂಗ ಮಾತ್ರ ಬರಲಿಲ್ಲ. ಅತ್ತೆ ಇನ್ನೂ ಕೆಲವು ರಾತ್ರಿ ಕೂತೇ ನಿದ್ದೆ ಮಾಡುತ್ತಾರೆ. ಹವೆ ಅಂಥದು, ಅದಕ್ಕೆ ಕಮಿಟಿ ಏನು ಮಾಡೀತು. ಎದುರು ಮನೆಯ ಕಾಕುವಿಗೆ ಅವರು ಮೊನ್ನೆ ಅಲಸಂಡೆ ಕಾಯಿ ಕೊಟ್ಟರು, ಹುಳ ಚುಚ್ಚಿದ್ದನ್ನು ಆರಿಸಿ ತೆಗೆದು.

ಮರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. 1975ರ ಮರಗಳ ಕಾಯ್ದೆಯಿರುವ ಕಾರಣ ಪಾಲಿಕೆಯ ಉದ್ಯಾನ ವಿಭಾಗದ ಅನುಮತಿಯಿಲ್ಲದೆ ಕೊಂಬೆ ಕಡಿಯುವಂತಿಲ್ಲ. ಆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಏನು ಬರೆಯುವುದೆಂದು ಕಾರ್ಯದರ್ಶಿಗಳು ನನ್ನನ್ನೇ ಕೇಳಿದರು. ಹುಳ ಎಂದು ಬರೆಯಬೇಡಿ ಎಂದಿದ್ದೇನೆ.